ಬ್ರೂಚಿನ ಬೆನ್ನು ನೋಡುತ್ತ ಇಂಗ್ಲೆಂಡಿನಲ್ಲಿ ಆರು ದಿನ

ಮಧ್ಯಯುಗದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಬಾಳಿದ ಆಂಗ್ಲೋ-ಸ್ಯಾಕ್ಸನ್ ಜನರ ಬ್ರೂಚು, ಬಕಲ್ಲುಗಳನ್ನು ಮ್ಯೂಸಿಯಮ್ಮಿನ ಗಾಜಿನಾಚೆ ನೋಡುವವರಿಗೆ ಕಾಣುವುದು ಮುಂಭಾಗ ಮಾತ್ರ: ಚಿನ್ನ, ಕೆಂಪು ಹರಳು, ಹೆಣೆದುಕೊಂಡ ಪ್ರಾಣಿಗಳು. ಆದರೆ ಇವೆಲ್ಲ ಮೂಲತಃ ಬಟ್ಟೆ ಜಾರದಂತೆ ಹಿಡಿಯುವ ಕೊಂಡಿಗಳು. ಬಟ್ಟೆ ಹೇಗೆ ನಿಲ್ಲುತ್ತಿತ್ತು, ಎಲ್ಲಿ ಸವೆಯಿತು, ಎಲ್ಲಿ ಮುರಿಯಿತು, ಯಾರು ರಿಪೇರಿ ಮಾಡಿದರು ಎಂಬುದೆಲ್ಲ ಇರುವುದು ಅವುಗಳ ಬೆನ್ನಿನಲ್ಲಿ. ಆ ಬೆನ್ನನ್ನು ಓದುವುದಕ್ಕೆಂದೇ ಹಾಕಿದ ದಾರಿ ಇದು: ಲಂಡನ್, ಸಫೋಕ್, ನಾರ್ಫೋಕ್, ಲಿವರ್‌ಪೂಲ್, ಸ್ಟೋಕ್, ಮತ್ತೆ ಲಂಡನ್. ಭಾನುವಾರ ಹೊರಟು ಶುಕ್ರವಾರ ಮುಗಿಸಿದರೆ ಅನುಕೂಲ. ಕಾರಣ ಕೊನೆಯ ದಿನ ತಿಳಿಯುತ್ತದೆ.

ಹೊರಡುವ ಮುನ್ನ ಎರಡು ಕೆಲಸ. ಬ್ರಿಟಿಷ್ ಮ್ಯೂಸಿಯಮ್ಮಿನ ಆನ್‌ಲೈನ್ ಸಂಗ್ರಹದಲ್ಲಿ ಅನೇಕ ವಸ್ತುಗಳ ಹಿಂಭಾಗದ ಚಿತ್ರಗಳಿವೆ. ನೋಡಬೇಕೆಂದಿರುವುದನ್ನೆಲ್ಲ ಫೋನಿಗೆ ಇಳಿಸಿಕೊಳ್ಳಬೇಕು. ಗಾಜಿನ ಮುಂದೆ ನಿಂತು ಮುಂಭಾಗವನ್ನು ಕಣ್ಣಿನಲ್ಲಿ, ಹಿಂಭಾಗವನ್ನು ಫೋನಿನಲ್ಲಿ ಒಟ್ಟಿಗೆ ನೋಡುವುದೇ ಸರಿಯಾದ ಕ್ರಮ. ಎರಡನೆಯದು, ಕೈಭೂತಗನ್ನಡಿ ಬೇಡ. ಗಾಜಿಗೂ ವಸ್ತುವಿಗೂ ನಡುವೆ ಗೇಣಿಗಿಂತ ಹೆಚ್ಚು ಅಂತರ ಇರುವುದರಿಂದ ಅದು ಕೆಲಸಕ್ಕೆ ಬಾರದು. ಹತ್ತಿರದ ವಸ್ತುವಿಗೂ ಫೋಕಸ್ ಆಗುವ ಪುಟ್ಟ ದುರ್ಬೀನು ಬೇಕು. ಜೊತೆಗೆ 8.5 ಸೆಂ.ಮೀ. ಮತ್ತು 11.4 ಸೆಂ.ಮೀ. ಅಗಲದ ಎರಡು ಕಾಗದದ ವೃತ್ತ, 13.2 ಸೆಂ.ಮೀ. ಉದ್ದದ ಒಂದು ಪಟ್ಟಿ ಕತ್ತರಿಸಿಟ್ಟುಕೊಂಡರೆ ಒಳ್ಳೆಯದು. ದಾರಿಯಲ್ಲಿ ನೋಡಲಿರುವ ಕಿಂಗ್‌ಸ್ಟನ್ ಬ್ರೂಚು, ಫುಲರ್ ಬ್ರೂಚು, ಸಟನ್ ಹೂ ಬಕಲ್ಲು ಇವುಗಳ ನಿಜವಾದ ಅಳತೆ ಅದು. ಹೆಗಲ ಮೇಲೆ, ಸೊಂಟದ ಮೇಲೆ ಹಿಡಿದು ನೋಡಿದರೆ ಗಾತ್ರದ ಅಂದಾಜು ಮೈಗೇ ಸಿಗುತ್ತದೆ.

ಮೊದಲ ದಿನ: ಲಂಡನ್, 41ನೇ ಕೋಣೆ

ಬ್ರಿಟಿಷ್ ಮ್ಯೂಸಿಯಂ ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ, ಪ್ರವೇಶ ಉಚಿತ. ಬಂದವರೆಲ್ಲ ಈಜಿಪ್ಟಿನ ಮಮ್ಮಿಗಳ ಕಡೆ ಹರಿಯುವ ಮೊದಲ ಗಂಟೆಯಲ್ಲಿ ಮಹಡಿ ಹತ್ತಿ 41ನೇ ಕೋಣೆಗೆ ಹೋದರೆ ಸಫೋಕಿನ ಸಟನ್ ಹೂ ಎಂಬಲ್ಲಿನ ಹಡಗು-ಸಮಾಧಿಯ ವಸ್ತುಗಳಿರುವ ಪೆಟ್ಟಿಗೆಗಳ ಮುಂದೆ ನೆಮ್ಮದಿಯಾಗಿ ನಿಲ್ಲಬಹುದು.

ದೊಡ್ಡ ಚಿನ್ನದ ಬಕಲ್ಲು 400 ಗ್ರಾಮಿಗೂ ಮಿಕ್ಕಿ ತೂಗುತ್ತದೆ. ಅದರ ಮೇಲೆ ಹಾವು, ಮೃಗ, ಹಕ್ಕಿ ಎಲ್ಲ ಸೇರಿ ಹದಿಮೂರು ಪ್ರಾಣಿಗಳು. ಮೊದಲ ನೋಟಕ್ಕೆ ಬರೀ ಸಿಕ್ಕು. ಬಿಡಿಸುವ ಉಪಾಯ ಒಂದೇ, ಕಣ್ಣು ಹುಡುಕಬೇಕು. ಕಣ್ಣು ಸಿಕ್ಕಿದರೆ ಪಕ್ಕದಲ್ಲೇ ದವಡೆ ಇರುತ್ತದೆ, ದವಡೆಯ ಹಿಂದೆ ಕುತ್ತಿಗೆ. ಅಲ್ಲಿಂದ ಮೈಯ ಪಟ್ಟಿಯ ಜಾಡು ಹಿಡಿದು ಪಾದದವರೆಗೆ ಹೋಗಬಹುದು. ಮೈಮೇಲಿರುವ ಚಿಕ್ಕ ಕಪ್ಪು ಗುರುತುಗಳು ನಿಯೆಲ್ಲೊ, ಅಂದರೆ ಬೆಳ್ಳಿ-ಗಂಧಕ ಸೇರಿದ ಕಪ್ಪು ತುಂಬುವಸ್ತು. ಒಂದು ಮೈ ಇನ್ನೊಂದರ ಅಡಿ ನುಸುಳಿ ಆಚೆ ಬದಿಗೆ ಬಂದಾಗ ಅದೇ ಮೈ ಎಂದು ಗೊತ್ತಾಗುವುದು ಈ ಕಪ್ಪಿನಿಂದ. ಹೀಗೆ ಮೈ ರಿಬ್ಬನ್ನಿನಂತೆ ಹರಿದು ಹೆಣೆದುಕೊಳ್ಳುವ ಬಗೆಯನ್ನು ಸ್ವೀಡನ್ನಿನ ವಿದ್ವಾಂಸ ಬರ್ನ್‌ಹಾರ್ಡ್ ಸಲೀನ್ 1904ರಲ್ಲಿ ಎರಡನೇ ಶೈಲಿ ಎಂದು ಗುರುತಿಸಿದ. ಮೊದಲನೇ ಶೈಲಿ ಅದಕ್ಕಿಂತ ಹಳೆಯದು. ಅದರಲ್ಲಿ ಪ್ರಾಣಿಯ ತಲೆ, ತೊಡೆ, ಪಾದಗಳನ್ನು ಬಿಡಿಬಿಡಿಯಾಗಿ ಜಾಗ ತುಂಬಲು ಎರಚಿದಂತಿರುತ್ತದೆ. ಅಕ್ಕಪಕ್ಕದ ಪೆಟ್ಟಿಗೆಗಳಲ್ಲಿ ಆರನೇ ಶತಮಾನದ ಚೌಕತಲೆ ಬ್ರೂಚುಗಳಿವೆ, ಎರಡಕ್ಕೂ ಇರುವ ವ್ಯತ್ಯಾಸ ಅಲ್ಲಿ ಕಣ್ಣಿಗೆ ಹೊಡೆಯುತ್ತದೆ.

ಈಗ ಬೆನ್ನು. ಈ ಬಕಲ್ಲು ಗಟ್ಟಿ ಚಿನ್ನದ ಗಡ್ಡೆಯಲ್ಲ, ಒಳಗೆ ಟೊಳ್ಳು. ಹಿಂದಿನ ತಗಡು ಕೀಲಿನ ಮೇಲೆ ಬಾಗಿಲಿನ ಹಾಗೆ ತೆರೆಯುತ್ತದೆ, ಮುಂದೆ ಕಾಣುವ ಮೂರು ಗುಬ್ಬಿಗಳ ಹಿಂದೆ ಮೂರು ಜಾರುಚಿಲಕಗಳಿವೆ. ಚಿಲಕ ಸರಿಸಿದರೆ ಬಾಗಿಲು ಬಿಡುತ್ತದೆ, ಸರಿಸಿ ಕೂರಿಸಿದರೆ ಭದ್ರ. ಮಾಮೂಲಿ ಬಕಲ್ಲುಗಳಲ್ಲಿ ಈ ಗುಬ್ಬಿಗಳ ಜಾಗದಲ್ಲಿರುವುದು ಚರ್ಮಕ್ಕೆ ಹೊಡೆದ ರಿವೆಟ್ಟು. ಒಮ್ಮೆ ಹೊಡೆದರೆ ಕಿತ್ತೇ ತೆಗೆಯಬೇಕು. ಇಲ್ಲಿ ರಿವೆಟ್ಟಿನ ರೂಪ ಉಳಿಸಿಕೊಂಡು ಒಳಗೆ ಬೀಗದ ಕೆಲಸ ಮಾಡಿದ್ದಾರೆ. ಟೊಳ್ಳಿನಲ್ಲಿ ಪವಿತ್ರ ವಸ್ತು ಇಡುತ್ತಿದ್ದಿರಬಹುದು ಎಂಬ ವಾದವೂ ಇದೆ.

ಪಕ್ಕದಲ್ಲಿರುವ ಹೆಗಲಕೊಂಡಿಗಳ ಜೋಡಿ ಈ ಕೋಣೆಯಲ್ಲೇ ಅತಿ ಸೂಕ್ಷ್ಮ ಕೆಲಸ ಎಂಬುದು ನಮ್ಮ ಎಣಿಕೆ. ಬಕಲ್ಲಿಗಿಂತಲೂ ಹೆಚ್ಚು ಹೊತ್ತು ಇಲ್ಲಿ ನಿಲ್ಲಬೇಕು. ಒಂದೊಂದು ಕೊಂಡಿಯೂ ಎರಡು ಬಾಗಿದ ಹಾಳೆ. ನಡುವೆ ಕೀಲು, ಕೀಲಿನೊಳಗೆ ತೂರುವ ಚಿನ್ನದ ಪಿನ್ನು, ಪಿನ್ನು ಕಳೆಯದಂತೆ ಅದಕ್ಕೊಂದು ಪುಟ್ಟ ಸರಪಳಿ. ಪಿನ್ನು ಎಳೆದರೆ ಎರಡು ಭಾಗ ಬೇರೆ. ಬೆನ್ನಿನಲ್ಲಿ ಗಟ್ಟಿ ಬಳೆಗಳಿವೆ. ಅವನ್ನು ದಪ್ಪ ಬಟ್ಟೆಗೋ ಚರ್ಮದ ಅಂಗಿಗೋ ಹೊಲಿದು, ಎದೆಯ ಭಾಗವನ್ನೂ ಬೆನ್ನಿನ ಭಾಗವನ್ನೂ ಹೆಗಲ ಮೇಲೆ ಕೂಡಿಸುತ್ತಿದ್ದರು. ಈ ಕ್ರಮದ ಮೂಲ ರೋಮನ್ ಕವಚದ ಉಡುಪು. ತುದಿಯ ದುಂಡು ಭಾಗದಲ್ಲಿ ಎರಡೆರಡು ಕಾಡುಹಂದಿಗಳು ಒಂದರ ಮೇಲೊಂದು ಅಡ್ಡಹಾಯ್ದು ನಿಂತಿವೆ, ಬೆನ್ನಹುರಿಯ ಗೆರೆ ಹಿಡಿದರೆ ಬೇಗ ಕಾಣುತ್ತವೆ. ನಡುವಿನ ಚೌಕಟ್ಟಿನಲ್ಲಿ ಮೆಟ್ಟಿಲಾಕಾರದ ಗಾರ್ನೆಟ್ಟು ಎಂಬ ಕೆಂಪು ಹರಳು, ಬಣ್ಣದ ಗಾಜಿನ ಕಡ್ಡಿಗಳನ್ನು ಕೂಡಿಸಿ ಅಡ್ಡ ಕತ್ತರಿಸಿದ ಚೌಕುಳಿ ತುಣುಕು.

ಗಾರ್ನೆಟ್ ಕೂರಿಸಿದ ಕ್ರಮವನ್ನು ಇಲ್ಲೇ ಅರ್ಥ ಮಾಡಿಕೊಂಡರೆ ಮುಂದಿನ ದಿನಗಳಿಗೆಲ್ಲ ಸಾಕು. ಚಿನ್ನದ ತಳತಗಡಿನ ಮೇಲೆ ಚಿನ್ನದ ಪಟ್ಟಿಗಳನ್ನು ನಿಲ್ಲಿಸಿ ಬೆಸೆದು ಗೂಡು ಕಟ್ಟುತ್ತಾರೆ. ಗೂಡಿನ ತಳಕ್ಕೆ ಅಂಟುವ ಪೇಸ್ಟು, ಅದರ ಮೇಲೆ ತೆಳುವಾದ ಚಿನ್ನದ ತಗಡು, ಅದರ ಮೇಲೆ ಹರಳಿನ ಬಿಲ್ಲೆ. ಗೂಡಿನ ಅಂಚನ್ನು ಒತ್ತಿ ಹರಳನ್ನು ಕಚ್ಚಿಸಿದರೆ ಮುಗಿಯಿತು. ಗುಟ್ಟೆಲ್ಲ ನಡುವಿನ ತಗಡಿನದು. ಅದರ ಮೇಲೆ ಮಿಲಿಮೀಟರಿನೊಳಗೆ ಹಲವು ಗೆರೆಗಳು ಬೀಳುವಷ್ಟು ನುಣ್ಣಗೆ ಅಡ್ಡ-ಉದ್ದ ಅಚ್ಚು ಒತ್ತಿರುತ್ತಾರೆ. ಹರಳಿನೊಳಗೆ ಹೊಕ್ಕ ಬೆಳಕು ಆ ಗೆರೆಗಳಿಗೆ ತಾಗಿ ಚದುರಿ ಹೊರಬರುತ್ತದೆ, ಕೆಂಪು ಜೀವ ಪಡೆಯುತ್ತದೆ. ತಗಡು ಸರಿದುಹೋದ ಅಥವಾ ಒದ್ದೆಯಾಗಿ ಮಂಕಾದ ಗೂಡು ಕರಿ ಮಚ್ಚೆಯಂತೆ ಕಾಣುತ್ತದೆ. ಹರಳು ಕೆಟ್ಟಿದೆ ಎಂದು ತಿಳಿಯಬಾರದು, ಕೆಟ್ಟಿರುವುದು ಹಿಂದಿನ ತಗಡು. ಹರಳಿಗೆ ತಗಡು ಕೊಟ್ಟು ಕೂರಿಸುವ ನಮ್ಮ ಅಕ್ಕಸಾಲಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಹರಳುಗಳಿಗೂ ನಮ್ಮ ನೆಲಕ್ಕೂ ನಿಜವಾದ ನಂಟಿದೆ. ಐದು, ಆರನೇ ಶತಮಾನಗಳಲ್ಲಿ ಯುರೋಪಿನಲ್ಲಿ ಬಳಕೆಯಾದ ಗಾರ್ನೆಟ್‌ಗಳ ರಾಸಾಯನಿಕ ವಿಶ್ಲೇಷಣೆ ನಡೆದಾಗ ಅವುಗಳಲ್ಲಿ ಬಹುಪಾಲು ಭಾರತ ಮತ್ತು ಶ್ರೀಲಂಕಾದ ಕಲ್ಲುಗಳೆಂದು ತಿಳಿಯಿತು. ಏಳನೇ ಶತಮಾನದ ಹೊತ್ತಿಗೆ ಆ ಸರಬರಾಜು ಕುಗ್ಗಿ, ಮಧ್ಯ ಯುರೋಪಿನ ಬೊಹೀಮಿಯಾದ ಕಲ್ಲುಗಳು ಆ ಜಾಗಕ್ಕೆ ಬಂದವು. ಬೊಹೀಮಿಯಾದ ಕಲ್ಲು ಸಾಮಾನ್ಯವಾಗಿ ಚಿಕ್ಕದು. ಸಟನ್ ಹೂ ಸಮಾಧಿಯೊಂದರಲ್ಲೇ 4,000ಕ್ಕೂ ಹೆಚ್ಚು ಗಾರ್ನೆಟ್ ತುಣುಕುಗಳಿವೆ. ಅಷ್ಟನ್ನೂ ಬಿಲ್ಲೆಯಾಗಿ ಸೀಳಿ, ಉಜ್ಜಿ, ಗೂಡಿನ ಆಕಾರಕ್ಕೆ ತಂದದ್ದು ವಜ್ರದ ಗರಗಸವಿಲ್ಲದ ಕಾಲದಲ್ಲಿ.

ಒಂಬತ್ತನೇ ಶತಮಾನದ ಬೆಳ್ಳಿ ವಸ್ತುಗಳೂ ಇದೇ ಕೋಣೆಯಲ್ಲಿವೆ. ಅವನ್ನು ಇಂದು ನೋಡಬಾರದು, ಕಣ್ಣು ದಣಿದಿರುತ್ತದೆ.

ಎರಡನೇ ದಿನ: ಸಟನ್ ಹೂ

ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಿಂದ ಇಪ್ಸ್‌ವಿಚ್, ಅಲ್ಲಿ ಲೋಸ್ಟಾಫ್ಟ್ ಕಡೆಯ ರೈಲು ಹಿಡಿದು ಮೆಲ್ಟನ್‌ನಲ್ಲಿ ಇಳಿಯಬೇಕು. ಡೆಬೆನ್ ನದಿಯ ಸೇತುವೆ ದಾಟಿ ಏರುದಾರಿಯಲ್ಲಿ ಸುಮಾರು ಎರಡು ಕಿಲೋಮೀಟರು ನಡೆದರೆ ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುವ ದಿಬ್ಬಗಳು ಸಿಗುತ್ತವೆ. ಮೂಲ ವಸ್ತುಗಳು ಇಲ್ಲಿಲ್ಲ, ಲಂಡನ್ನಿನಲ್ಲಿವೆ. ಇಲ್ಲಿರುವುದು ನಕಲುಗಳು. ಹಾಗೆಂದು ಬಿಟ್ಟುಹೋಗುವ ಜಾಗ ಇದಲ್ಲ.

1939ರಲ್ಲಿ ಜಮೀನಿನ ಒಡತಿ ಎಡಿತ್ ಪ್ರೆಟಿ ಅವರ ಕೋರಿಕೆಯ ಮೇರೆಗೆ ಬೇಸಿಲ್ ಬ್ರೌನ್ ಅಗೆದಾಗ ಮೊದಲ ದಿಬ್ಬದಲ್ಲಿ 27 ಮೀಟರ್ ಉದ್ದದ ಹಡಗಿನ ಗುರುತು ಸಿಕ್ಕಿತು. ಮರ ಉಳಿದಿರಲಿಲ್ಲ. ಮರಳಿನಲ್ಲಿ ಅದರ ಅಚ್ಚು, ಸಾಲುಗಟ್ಟಿದ ಕಬ್ಬಿಣದ ರಿವೆಟ್ಟು ಮಾತ್ರ. ಮಣ್ಣು ಆಮ್ಲೀಯವಾದ್ದರಿಂದ ಶವದ ಮೂಳೆಯೂ ಕರಗಿಹೋಗಿತ್ತು. ಹಾಗಾಗಿ ಸತ್ತವನು ಎಲ್ಲಿ, ಹೇಗೆ ಮಲಗಿದ್ದ ಎಂದು ಊಹಿಸಲು ಉಳಿದ ದೊಡ್ಡ ಸುಳಿವು ಲೋಹದ ವಸ್ತುಗಳು ಬಿದ್ದಿದ್ದ ಜಾಗ. ಬಟ್ಟೆ ಹೋಗುತ್ತದೆ, ಮೈ ಹೋಗುತ್ತದೆ, ಕೊಂಡಿ ತಾನಿದ್ದಲ್ಲೇ ಉಳಿಯುತ್ತದೆ. ಕೊಂಡಿಯನ್ನು ಜಾಗದಿಂದ ಎತ್ತುವ ಮೊದಲು ಅದರ ನೆಲೆ, ಯಾವ ಮುಖ ಮೇಲಾಗಿತ್ತು, ಪಿನ್ನಿನ ತುದಿ ಯಾವ ಕಡೆ ತಿರುಗಿತ್ತು ಎಂದು ಬರೆದಿಡದಿದ್ದರೆ ಅರ್ಧ ಮಾಹಿತಿ ಅಲ್ಲೇ ಸತ್ತುಹೋಗುತ್ತದೆ. ಮುಂದೆ ಆಗ್ನೇಯ ಇಂಗ್ಲೆಂಡಿನ ಕೆಂಟ್ ಸೀಮೆಯ ಕಥೆಯಲ್ಲೂ ಇದೇ ಮಾತು ಬರುತ್ತದೆ.

ಸಮಾಧಿಯ ಕಾಲ ಸುಮಾರು 625. ಪೂರ್ವ ಆಂಗ್ಲಿಯಾದ ರಾಜ ರೆಡ್ವಾಲ್ಡನದಿರಬೇಕೆಂಬುದು ಬಹುಮತ. 1939ರ ಆಗಸ್ಟಿನಲ್ಲಿ ನಡೆದ ವಿಚಾರಣೆ ಈ ನಿಧಿ ಎಡಿತ್ ಪ್ರೆಟಿಯವರಿಗೇ ಸೇರಿದ್ದೆಂದು ತೀರ್ಮಾನಿಸಿತು. ಅವರು ಎಲ್ಲವನ್ನೂ ರಾಷ್ಟ್ರಕ್ಕೆ ಕೊಟ್ಟರು. ವೀಕ್ಷಣಾ ಗೋಪುರ ಹತ್ತಿ ದಿಬ್ಬಗಳ ಸಾಲು ನೋಡಿಕೊಂಡು ಮಧ್ಯಾಹ್ನದೊಳಗೆ ಇಳಿದರೆ ಸಂಜೆಗೆ ಬರಿ ಸೇಂಟ್ ಎಡ್ಮಂಡ್ಸ್ ತಲುಪಬಹುದು.

ಮೂರನೇ ದಿನ: ವೆಸ್ಟ್ ಸ್ಟೋ

ಬರಿಯಿಂದ ವೆಸ್ಟ್ ಸ್ಟೋಗೆ ಸುಮಾರು ಹತ್ತು ಕಿಲೋಮೀಟರು, ಟ್ಯಾಕ್ಸಿಯೇ ಗತಿ. ಮರಳುವ ಟ್ಯಾಕ್ಸಿಯನ್ನೂ ಹೋಗುವಾಗಲೇ ಹೇಳಿಟ್ಟುಕೊಳ್ಳಬೇಕು. 1965ರಿಂದ 1972ರವರೆಗೆ ಸ್ಟಾನ್ಲಿ ವೆಸ್ಟ್ ಇಲ್ಲಿ ಅಗೆದು, ಸುಮಾರು 420ರಿಂದ 650ರವರೆಗೆ ಜನ ಬಾಳಿದ ಹಳ್ಳಿಯೊಂದನ್ನು ಪತ್ತೆಮಾಡಿದರು. ಅದೇ ನೆಲದ ಮೇಲೆ ಮನೆಗಳನ್ನು ಮತ್ತೆ ಕಟ್ಟಿದ್ದಾರೆ. ರಾಜನ ಬಂಗಾರದಿಂದ ಇಲ್ಲಿಗೆ ಬಂದರೆ ರೈತಾಪಿ ಹೆಂಗಸರ ಕಂಚಿನ ಬ್ರೂಚಿನ ಲೋಕ ತೆರೆದುಕೊಳ್ಳುತ್ತದೆ. ಸಂಖ್ಯೆಯಲ್ಲಿ ನೋಡಿದರೆ ಆಂಗ್ಲೋ-ಸ್ಯಾಕ್ಸನ್ ಲೋಹಗೆಲಸ ಎಂದರೆ ಇದೇ.

ಐದು, ಆರನೇ ಶತಮಾನದ ಹೆಣ್ಣಿನ ಮುಖ್ಯ ಉಡುಪು ಕೊಳವೆಯಂತೆ ಸುತ್ತಿದ ಉಣ್ಣೆಬಟ್ಟೆ. ಎದೆಯ ಕಡೆಯ ಅಂಚನ್ನೂ ಬೆನ್ನಿನ ಕಡೆಯ ಅಂಚನ್ನೂ ಎರಡು ಹೆಗಲ ಮೇಲೆ ಒಂದೊಂದು ಬ್ರೂಚಿನಿಂದ ಕಚ್ಚಿಸುತ್ತಿದ್ದರು. ಆದ್ದರಿಂದ ಬ್ರೂಚುಗಳು ಸಮಾಧಿಯಲ್ಲಿ ಜೋಡಿಯಾಗಿ ಸಿಗುತ್ತವೆ. ಎರಡರ ನಡುವೆ ಅಂಬರು, ಗಾಜಿನ ಮಣಿಗಳ ಸಾಲು ಇಳಿಬಿಡುತ್ತಿದ್ದರು. ಮೇಲ್ಹೊದಿಕೆ ಇದ್ದರೆ ಎದೆಯ ನಡುವೆ ಇನ್ನೊಂದು ದೊಡ್ಡ ಬ್ರೂಚು. ಬ್ರೂಚಿನ ಆಕಾರ ಪ್ರದೇಶದಿಂದ ಪ್ರದೇಶಕ್ಕೆ ಬೇರೆ. ಪೂರ್ವದ ಆಂಗ್ಲಿಯನ್ ಸೀಮೆಯಲ್ಲಿ ಶಿಲುಬೆಯಾಕಾರದ್ದು, ಥೇಮ್ಸ್ ನದಿಯ ಮೇಲ್ಭಾಗದಲ್ಲಿ ತಟ್ಟೆಯಾಕಾರದ್ದು, ಕೆಂಟಿನಲ್ಲಿ ಗಾರ್ನೆಟ್ ಕೂರಿಸಿದ ದುಂಡನೆಯದು. ಶಿಲುಬೆಯಾಕಾರ ಎನ್ನುವುದು ನಮ್ಮ ಕಾಲದವರು ಇಟ್ಟ ಹೆಸರು, ಅದಕ್ಕೂ ಕ್ರೈಸ್ತಧರ್ಮಕ್ಕೂ ಸಂಬಂಧವಿಲ್ಲ. ಬ್ರೂಚು ನೋಡಿ ಇವಳು ಆಂಗ್ಲ್, ಇವಳು ಸ್ಯಾಕ್ಸನ್ ಎಂದು ಹಣೆಪಟ್ಟಿ ಹಚ್ಚುವುದು ಹಳೆಯ ಚಾಳಿ. ಬ್ರೂಚು ಹೇಳುವುದು ಅವಳು ಯಾವ ಸೀಮೆಯ ಉಡುಗೆ ಉಟ್ಟಿದ್ದಳು ಎಂಬುದನ್ನು, ಅವಳ ರಕ್ತವನ್ನಲ್ಲ.

ಕಂಚಿನ ಬ್ರೂಚಿನ ಬೆನ್ನಿನಲ್ಲಿ ಮೂರೇ ಅಂಗ. ಮೇಲ್ತುದಿಯಲ್ಲಿ ತೂತುಳ್ಳ ಕಿವಿ, ಅದರಲ್ಲಿ ಸುರುಳಿ ಸುತ್ತಿದ ಕಬ್ಬಿಣದ ಪಿನ್ನು, ಕೆಳತುದಿಯಲ್ಲಿ ಪಿನ್ನಿನ ಮೊನೆ ಕೂರುವ ಮಡಿಕೆ. ಸುರುಳಿಯೇ ಸ್ಪ್ರಿಂಗ್. ಮಣ್ಣಿನಲ್ಲಿ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದಾಗ ಕಿವಿ ಬಿರಿಯುತ್ತದೆ. ಸಿಕ್ಕ ಬ್ರೂಚುಗಳಲ್ಲಿ ಪಿನ್ನು ಇಲ್ಲದವೇ ಹೆಚ್ಚಾಗಿರುವುದು ಇದರಿಂದ. ಆದರೆ ಅದೇ ತುಕ್ಕು ಒಂದು ಉಪಕಾರವನ್ನೂ ಮಾಡುತ್ತದೆ. ಪಿನ್ನು ಚುಚ್ಚಿಕೊಂಡಿದ್ದ ಬಟ್ಟೆಯ ಎಳೆಗಳೊಳಗೆ ಲೋಹದ ಲವಣ ಇಳಿದು, ನಾರು ಕೊಳೆತರೂ ಅದರ ರೂಪ ಕಲ್ಲಾಗಿ ಉಳಿಯುತ್ತದೆ. ಹೆಬ್ಬೆರಳ ಉಗುರಿನಷ್ಟು ತುಕ್ಕಿನ ಗಂಟಿನಲ್ಲಿ ಎಳೆಯನ್ನು ಎಡಕ್ಕೆ ಹೊಸೆದಿದ್ದರೋ ಬಲಕ್ಕೋ, ನೇಯ್ಗೆ ಸಾದಾ ಆಗಿತ್ತೋ ಓರೆಗೆರೆಯ ಟ್ವಿಲ್ ಆಗಿತ್ತೋ, ಒಳಗೆ ನಾರುಬಟ್ಟೆ ಹೊರಗೆ ಉಣ್ಣೆ ಎಂಬ ಕ್ರಮವಿತ್ತೋ, ಎಲ್ಲವನ್ನೂ ಓದಬಹುದು. ಬ್ರೂಚನ್ನು ಮಿರಮಿರ ಹೊಳೆಯುವಂತೆ ಉಜ್ಜುವುದು ಮಹಾಪರಾಧ ಎನ್ನುವುದು ಇದಕ್ಕೇ.

ಮಣಿಕಟ್ಟಿನ ಕೊಂಡಿಗಳ ವಿಷಯ ಇನ್ನೂ ಸ್ವಾರಸ್ಯ. ಉದ್ದತೋಳಿನ ಒಳಅಂಗಿಯ ಮುಂಗೈಯನ್ನು ಬಿಗಿಯಾಗಿ ಮುಚ್ಚಲು ಕೊಕ್ಕೆಯ ತಗಡೊಂದು, ಕಿಂಡಿಯ ತಗಡೊಂದು. ಸುಮಾರು 475ರಿಂದ ಈ ಪದ್ಧತಿ ಸ್ಕ್ಯಾಂಡಿನೇವಿಯಾದಿಂದ ಪೂರ್ವ ಇಂಗ್ಲೆಂಡಿಗೆ ಬಂತು. ಅಲ್ಲಿ ಗಂಡಸರೂ ತೊಡುತ್ತಿದ್ದದ್ದು ಇಲ್ಲಿ ಹೆಚ್ಚುಕಡಿಮೆ ಹೆಂಗಸರದ್ದೇ ಆಯಿತು. ತೆಳುತಗಡಿನ ಅಂಚಿನಲ್ಲಿ ಹೊಲಿಗೆಯ ತೂತುಗಳಿರುತ್ತವೆ. ಬಟ್ಟೆಗೆ ನೇರವಾಗಿ ಹೊಲಿದರೆ ಎಳೆತಕ್ಕೆ ಬಟ್ಟೆ ಹರಿಯುತ್ತದೆ. ಅದಕ್ಕೆಂದೇ ತೋಳಿನ ತುದಿಗೆ ತೂತುಳ್ಳ ಪುಟ್ಟ ಹಲಗೆಗಳಲ್ಲಿ ನೂಲು ತೂರಿಸಿ ನೇಯ್ದ ಗಟ್ಟಿ ಪಟ್ಟಿ ಕೊಟ್ಟು ಅದರ ಮೇಲೆ ಹೊಲಿಯುತ್ತಿದ್ದರು. ನಕಲು ಮಾಡಿ ತೊಡುವವರು ಸಾಮಾನ್ಯವಾಗಿ ಎಡವುವುದು ಇಲ್ಲೇ: ಮುಂಗೈ ಸಡಿಲ ಬಿಡುತ್ತಾರೆ. ಕೊಕ್ಕೆ ನಿಲ್ಲುವುದು ಎಳೆತದಿಂದ, ಸಡಿಲವಾದರೆ ಕೈ ಇಳಿಬಿಟ್ಟ ಕ್ಷಣ ಕಳಚುತ್ತದೆ. ತೋಳಿನ ಸುತ್ತಳತೆ ಮಣಿಕಟ್ಟಿಗಿಂತ ಕೂದಲೆಳೆಯಷ್ಟು ಮಾತ್ರ ಹೆಚ್ಚಿರಬೇಕು, ಕೈ ತೂರಲು ತೋಳಿನಲ್ಲಿ ಸೀಳು ಬೇಕು.

ಇನ್ನು ಎರಕ. ಮೇಣ, ಮರ ಅಥವಾ ಸೀಸದಲ್ಲಿ ಬ್ರೂಚಿನ ಮಾದರಿ ಮಾಡಿ, ಮರಳು ಬೆರೆಸಿದ ಜೇಡಿಮಣ್ಣಿನ ಎರಡು ಹೋಳುಗಳ ನಡುವೆ ಒತ್ತಿ ಅಚ್ಚು ತೆಗೆಯುತ್ತಿದ್ದರು. ಎಸೆಕ್ಸಿನ ಮಕಿಂಗ್ ಎಂಬಲ್ಲಿ ಚೌಕತಲೆ ಬ್ರೂಚಿನ ಇಂಥ ಮಣ್ಣಿನ ಅಚ್ಚಿನ ಚೂರುಗಳೇ ಸಿಕ್ಕಿವೆ. ಅಚ್ಚನ್ನು ಒಣಗಿಸಿ, ಸುಟ್ಟು, ಬಿಸಿಯಿರುವಾಗಲೇ ಮೂಸೆಯಿಂದ ಕಂಚು ಸುರಿಯಬೇಕು. ಅಚ್ಚಿನಲ್ಲಿ ತೇವ ಉಳಿದಿದ್ದರೆ ಆವಿ ಎದ್ದು ಲೋಹದಲ್ಲಿ ಗುಳ್ಳೆ. ಅಚ್ಚು ತಣ್ಣಗಿದ್ದರೆ ಲೋಹ ಮೂಲೆ ಮುಟ್ಟುವ ಮೊದಲೇ ಹೆಪ್ಪುಗಟ್ಟಿ ಪ್ರಾಣಿಯ ಮೂಗು ಮೊಂಡು. ಹೋಳುಗಳು ಸರಿಯಾಗಿ ಕೂಡದಿದ್ದರೆ ಅಂಚಿನಲ್ಲಿ ಗರಿಯಂತೆ ಲೋಹ ಹೊರಚೆಲ್ಲುತ್ತದೆ, ಅದನ್ನು ಅರ ಹಾಕಿ ತೆಗೆಯಬೇಕು. ಮುಂಭಾಗದಲ್ಲಿ ಎಲ್ಲ ಗೆರೆಯನ್ನೂ ಮರದಲ್ಲಿ ಉಳಿ ಹೊಡೆದಂತೆ ಇಳಿಜಾರಾಗಿ ಕೊರೆದಿರುತ್ತಾರೆ. ತಳದಲ್ಲಿ ಕೂಡುವ ಎರಡು ಇಳಿಜಾರಿನಲ್ಲಿ ಒಂದು ಬೆಳಕು ಹಿಡಿದರೆ ಇನ್ನೊಂದು ನೆರಳು ಹಿಡಿಯುತ್ತದೆ. ದೀಪದ ಬೆಳಕಿನಲ್ಲಿ ಮೈ ಅಲುಗಿದಾಗ ಇಡೀ ಬ್ರೂಚು ಮಿಣುಕುವುದು ಹೀಗೆ.

ಮೇಲೆ ಚಿನ್ನದ ಮುಲಾಮು. ಪಾದರಸದಲ್ಲಿ ಚಿನ್ನ ಕರಗಿಸಿ ಬೆಣ್ಣೆಯ ಹದಕ್ಕೆ ತಂದು, ಚೊಕ್ಕ ಮಾಡಿದ ಮೇಲ್ಮೈಗೆ ಬಳಿದು ಕಾಯಿಸಬೇಕು. ಪಾದರಸ ಆವಿಯಾಗಿ ಹೋಗುತ್ತದೆ, ಚಿನ್ನ ಮಂಕಾದ ಪದರವಾಗಿ ಉಳಿಯುತ್ತದೆ, ನುಣುಪು ಕಲ್ಲಿನಿಂದ ಉಜ್ಜಿದ ಮೇಲೆಯೇ ಹೊಳಪು. ಆ ಆವಿ ವಿಷ. ಕಂಚಿನಲ್ಲಿ ಸೀಸ ಹೆಚ್ಚಿದ್ದರೆ ಅಚ್ಚಿನಲ್ಲಿ ಚೆನ್ನಾಗಿ ಹರಿಯುತ್ತದೆ, ಮುಲಾಮು ಮಾತ್ರ ಕಲೆಗಟ್ಟುತ್ತದೆ. ಹಳೆಯ ರೋಮನ್ ಲೋಹವನ್ನೇ ಮತ್ತೆ ಕರಗಿಸಿ ಬಳಸುತ್ತಿದ್ದವರಿಗೆ ಇದು ನಿತ್ಯದ ಇಕ್ಕಟ್ಟು. ತೊಟ್ಟು ಸವೆದ ಬ್ರೂಚಿನಲ್ಲಿ ಚಿನ್ನ ಉಬ್ಬುಗಳ ಮೇಲಿಂದ ಹೋಗಿ ಕೊರಕಲಿನಲ್ಲಿ ಮಾತ್ರ ಉಳಿದಿರುತ್ತದೆ. ಉಬ್ಬು ದುಂಡಗಾಗಿ ಕೊರಕಲು ಹೊಸದರಂತಿದ್ದರೆ ಆ ಬ್ರೂಚು ಬಹುಕಾಲ ಮೈಮೇಲೆ ಇತ್ತೆಂದೇ ಅರ್ಥ.

ನಾಲ್ಕನೇ ದಿನ: ನಾರ್ವಿಚ್

ನಾರ್ವಿಚ್ ಕೋಟೆಯ ಮ್ಯೂಸಿಯಮ್ಮಿನ ಸಂಗ್ರಹದಲ್ಲಿರುವ ಹಾರ್ಫರ್ಡ್ ಫಾರ್ಮ್ ಬ್ರೂಚು ಈ ಪ್ರಯಾಣದ ನಡುಗಂಬ. 1990ರಲ್ಲಿ ನಗರದ ದಕ್ಷಿಣದ ಬೈಪಾಸ್ ರಸ್ತೆಗೆ ಮುಂಚೆ ನಡೆದ ಉತ್ಖನನದಲ್ಲಿ, ಏಳನೇ ಶತಮಾನದ ಸಮಾಧಿಯೊಂದರಿಂದ ಹೊರಬಂದದ್ದು. ಚಿನ್ನ, ಗಾರ್ನೆಟ್ ಕೂರಿಸಿದ ದುಂಡು ಬ್ರೂಚು, ಕೆಂಟಿನ ಮಾದರಿ. ಮುಂಭಾಗದಲ್ಲಿ ರಿಪೇರಿಯ ಗುರುತುಗಳಿವೆ. ಮೊದಲು ಮಾಡಿದವನ ಕೈಗೂ ಆಮೇಲೆ ಸರಿಪಡಿಸಿದವನ ಕೈಗೂ ಇರುವ ಅಂತರ ಪರಿಣತರ ಕಣ್ಣಿಗೆ ತಪ್ಪುವುದಿಲ್ಲ.

ತಿರುಗಿಸಿದರೆ ಬೆನ್ನಿನ ತಗಡಿನ ಮೇಲೆ ರೂನ್ ಎಂಬ ಹಳೆಯ ಜರ್ಮಾನಿಕ್ ಲಿಪಿಯಲ್ಲಿ ಮೂರು ಪದ ಗೀಚಿದೆ: ಲುದಾ ಗಿಬೋಟೆ ಸಿಗಿಲೆ. "ಲುದಾ ಬ್ರೂಚನ್ನು ಸರಿಪಡಿಸಿದ." ರಾಜನ ಬಕಲ್ಲು ಮಾಡಿದವನ ಹೆಸರು ಗೊತ್ತಿಲ್ಲ, ಹೆಗಲಕೊಂಡಿಯ ಮಹಾಶಿಲ್ಪಿಯ ಹೆಸರು ಗೊತ್ತಿಲ್ಲ. ಉಳಿದಿರುವುದು ರಿಪೇರಿಯವನ ಹೆಸರು. ಅದೂ ಅವನು ಬರೆದದ್ದು ಲೋಕಕ್ಕೆ ಕಾಣುವ ಕಡೆಯಲ್ಲ, ತೊಟ್ಟವಳ ಬಟ್ಟೆಗೆ ತಾಗುವ ಕಡೆ. ಈ ಬ್ರೂಚಿನ ಬಗ್ಗೆ ಬರೆಯುವಾಗ ಮುಂಭಾಗದ ಚಿತ್ರ ಮಾತ್ರ ಹಾಕುವವರ ಮೇಲೆ ನಮಗೆ ಸಿಟ್ಟೇ ಇದೆ. ಹೋಗುವ ಮುನ್ನ ಬ್ರೂಚು ಪ್ರದರ್ಶನದಲ್ಲಿದೆಯೇ ಎಂದು ಕೇಳಿಕೊಳ್ಳಬೇಕು, ಇಂಥವು ಬೇರೆಡೆ ಪ್ರದರ್ಶನಕ್ಕೆ ಹೋಗುವುದುಂಟು.

ಏಳನೇ ಶತಮಾನದ ನಡುವಿನ ಹೊತ್ತಿಗೆ ಹೆಗಲ ಜೋಡಿಬ್ರೂಚು ಸಮಾಧಿಗಳಿಂದ ಮಾಯವಾಗುತ್ತದೆ. ಕತ್ತಿನ ಬಳಿ ಒಂಟಿ ಬ್ರೂಚು, ಇಲ್ಲವೇ ಸರಪಳಿಯಿಂದ ಕೂಡಿಸಿದ ಚಿಕ್ಕ ಪಿನ್ನುಗಳ ಜೋಡಿ ಬರುತ್ತದೆ. ಎಂಟನೇ ಶತಮಾನಕ್ಕೆ ಒಡವೆ ಸಹಿತ ಹೂಳುವ ಪದ್ಧತಿಯೇ ನಿಂತುಹೋಗುತ್ತದೆ. ಅಲ್ಲಿಂದಾಚೆ ನಮಗೆ ಉಳಿಯುವುದು ಊರಿನ ತಿಪ್ಪೆ, ಬಚ್ಚಿಟ್ಟ ನಿಧಿ, ಹೊಲದಲ್ಲಿ ಕಳೆದುಹೋದ ಬಿಡಿ ವಸ್ತು.

ಕಳೆದುಹೋದದ್ದರಲ್ಲಿ ಮುಂಚೂಣಿ ಒಂಬತ್ತನೇ ಶತಮಾನದ ಪಟ್ಟಿತುದಿಗಳದು. ಬೆಲ್ಟಿನ ತುದಿ ನುಲಿಯದಂತೆ, ಬಕಲ್ಲಿನಲ್ಲಿ ಸರಾಗವಾಗಿ ತೂರುವಂತೆ ಹಾಕುವ ಲೋಹದ ನಾಲಗೆ ಅದು. ಮೇಲ್ತುದಿ ಎರಡು ಪದರವಾಗಿ ಸೀಳಿರುತ್ತದೆ. ಪಟ್ಟಿಯನ್ನು ಆ ಸೀಳಿನಲ್ಲಿ ತೂರಿಸಿ ಎರಡು ರಿವೆಟ್ಟು ಹೊಡೆಯುತ್ತಾರೆ. ಕೆಳತುದಿಯಲ್ಲಿ ಮೇಲಿಂದ ನೋಡಿದಂತೆ ಪ್ರಾಣಿಯ ಮುಖ, ಅಲ್ಪವಿರಾಮದ ಆಕಾರದ ಕಿವಿಗಳು. ನಡುವಿನ ಚೌಕಟ್ಟಿನಲ್ಲಿ ಕುಪ್ಪಳಿಸುವ ಪುಟ್ಟ ಪ್ರಾಣಿ, ಹಿನ್ನೆಲೆಗೆ ಕಪ್ಪು ನಿಯೆಲ್ಲೊ. ಬಹಳಷ್ಟು ಬರಿಯ ಕಂಚಿನವು, ಕೆಲವು ಬೆಳ್ಳಿಯವು. ಸೀಳಿನ ತಗಡು ತೆಳುವಾದ್ದರಿಂದ ರಿವೆಟ್ಟಿನ ತೂತಿನ ಸುತ್ತ ಬಿರಿದು, ಪಟ್ಟಿ ಕಳಚಿ ಬೀಳುತ್ತದೆ. ಹೊಲದಲ್ಲಿ ಸಿಗುವ ಪಟ್ಟಿತುದಿಯ ರಿವೆಟ್ಟಿನ ಕಡೆ ಮೊದಲು ನೋಡಿ, ಹೇಗೆ ಕಳೆದುಹೋಯಿತು ಎಂಬುದು ಅನೇಕ ಸಲ ಅಲ್ಲೇ ಕಾಣುತ್ತದೆ.

ಇಂಥವು ಬೆಳಕಿಗೆ ಬರುತ್ತಿರುವುದು ಲೋಹಶೋಧಕ ಹಿಡಿದು ಹೊಲ ಸುತ್ತುವವರಿಂದ. ಅವರು ತಾವಾಗಿ ತಂದು ತೋರಿಸಿದ್ದನ್ನು ದಾಖಲಿಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ 1997ರಲ್ಲಿ ಶುರುವಾಯಿತು. ಅದರ ದತ್ತಾಂಶ ಎಲ್ಲರಿಗೂ ಮುಕ್ತ, ಅನೇಕ ದಾಖಲೆಗಳಲ್ಲಿ ಮುಂಭಾಗ-ಹಿಂಭಾಗ ಎರಡರ ಚಿತ್ರವೂ ಅಳತೆ, ತೂಕವೂ ಇರುತ್ತವೆ. ಬೆನ್ನು ಓದುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆಯಿಲ್ಲ. 1996ರ ನಿಧಿ ಕಾಯಿದೆಯ (ಟ್ರೆಷರ್ ಆ್ಯಕ್ಟ್) ಪ್ರಕಾರ 300 ವರ್ಷಕ್ಕಿಂತ ಹಳೆಯ, ಕನಿಷ್ಠ ಶೇ. 10ರಷ್ಟು ಚಿನ್ನ ಅಥವಾ ಬೆಳ್ಳಿ ಇರುವ ವಸ್ತು ಸಿಕ್ಕರೆ 14 ದಿನದೊಳಗೆ ತಿಳಿಸಲೇಬೇಕು. ಒಂಟಿ ಕಂಚಿನ ಬ್ರೂಚಿಗೆ ಸಾಮಾನ್ಯವಾಗಿ ಆ ಕಡ್ಡಾಯವಿಲ್ಲ. ಸಿಕ್ಕದ್ದನ್ನು ತೊಳೆಯಬಾರದು, ಬ್ರಷ್ ಹಾಕಬಾರದು, ಅಂಟಿದ ಮಣ್ಣಿನ ಸಮೇತ ಇಡಬೇಕು. ಕಂಚಿನ ಮೇಲೆ ತಿಳಿಹಸಿರು ಪುಡಿ ಏಳತೊಡಗಿದರೆ ಅದು ಕ್ಲೋರೈಡಿನ ರೋಗ, ತೇವ ಸಿಕ್ಕಷ್ಟೂ ಒಳಗೊಳಗೇ ತಿನ್ನುತ್ತದೆ. ಸಿಲಿಕಾ ಜೆಲ್ ಇಟ್ಟ ಬಿಗಿಡಬ್ಬಿಯಲ್ಲಿ ಒಣಗಿಡುವುದೇ ಮೊದಲ ಚಿಕಿತ್ಸೆ.

ಐದನೇ ದಿನ: ಲಿವರ್‌ಪೂಲ್

ನಾರ್ವಿಚ್‌ನಿಂದ ಲಿವರ್‌ಪೂಲ್ ಲೈಮ್ ಸ್ಟ್ರೀಟಿಗೆ ನೇರ ರೈಲಿದೆ, ಐದು ಗಂಟೆಗೂ ಹೆಚ್ಚಿನ ಪಯಣ. ಮುಂಜಾನೆಯ ರೈಲನ್ನೇ ಹಿಡಿಯಬೇಕು. ವರ್ಲ್ಡ್ ಮ್ಯೂಸಿಯಂ ನಿಲ್ದಾಣದಿಂದ ಕೂಗಳತೆಯಲ್ಲಿದೆ.

ಇಲ್ಲಿನ ಸಂಗ್ರಹದ ಕಿಂಗ್‌ಸ್ಟನ್ ಬ್ರೂಚು ಸುಮಾರು 8.5 ಸೆಂ.ಮೀ. ಅಗಲ. ಚಿನ್ನ, ಗಾರ್ನೆಟ್, ನೀಲಿ ಗಾಜು, ಬಿಳಿ ಚಿಪ್ಪು. ಎರಡು ತಗಡುಗಳ ನಡುವೆ ತುಂಬು ಕೊಟ್ಟು ಅಂಚಿಗೆ ಪಟ್ಟಿ ಕಟ್ಟಿದ ಜೋಡಣೆ, ದಪ್ಪ ಬಿಸ್ಕತ್ತಿನ ಹಾಗೆ. ಗೂಡುಗಳು ಒಂದರೊಳಗೊಂದು ವಲಯವಾಗಿ ಸಾಗುತ್ತವೆ. ಇಂಥ ಜೋಡಣೆಯ ಬಲ, ಬಲಹೀನತೆ ಎರಡೂ ಅಂಚಿನ ಪಟ್ಟಿಯಲ್ಲಿ. ಅದು ಸಡಿಲವಾದರೆ ಒಳಗಿನ ತುಂಬು ಕದಲುತ್ತದೆ, ತುಂಬು ಕದಲಿದರೆ ಹರಳು ಉದುರುತ್ತದೆ. ಇದರ ಬೆನ್ನಿನಲ್ಲಿ ಪಿನ್ನಿನ ತಲೆಗೂ ಗಾರ್ನೆಟ್ ಕೂರಿಸಿದ್ದಾರೆ. ತೊಟ್ಟ ಮೇಲೆ ಯಾರಿಗೂ ಕಾಣದ ಜಾಗವದು.

1771ರಲ್ಲಿ ಕೆಂಟಿನ ಕಿಂಗ್‌ಸ್ಟನ್ ಡೌನ್‌ನಲ್ಲಿ ಪಾದ್ರಿ ಬ್ರಯಾನ್ ಫೌಸೆಟ್ ಅಗೆಸಿದ ಹೆಣ್ಣಿನ ಸಮಾಧಿಯಿಂದ ಬಂದದ್ದಿದು. ಅವನಿಗೆ ಇವು ಆಂಗ್ಲೋ-ಸ್ಯಾಕ್ಸನ್ ಎಂದು ಗೊತ್ತಿರಲಿಲ್ಲ. ಆದರೆ ಯಾವ ಸಮಾಧಿಯಲ್ಲಿ ಏನು, ಎಲ್ಲಿ ಸಿಕ್ಕಿತು ಎಂದು ಟಿಪ್ಪಣಿ ಬರೆದಿಟ್ಟ. ಸಟನ್ ಹೂನಲ್ಲಿ ಹೇಳಿದ ಮಾತು ಇಲ್ಲಿ ಫಲ ಕೊಟ್ಟಿತು: ಅವನ ಕಾಲನಿರ್ಣಯ ತಪ್ಪಾಗಿದ್ದರೂ ಬರೆದಿಟ್ಟ ನೆಲೆಗಳಿಂದ ಮುಂದಿನವರು ಸರಿಯಾದ ಉತ್ತರ ತೆಗೆದರು. 1850ರ ದಶಕದಲ್ಲಿ ಈ ಸಂಗ್ರಹ ಕೊಳ್ಳಲು ಬ್ರಿಟಿಷ್ ಮ್ಯೂಸಿಯಂ ಒಪ್ಪಲಿಲ್ಲ. ಲಿವರ್‌ಪೂಲಿನ ಅಕ್ಕಸಾಲಿಗ ಜೋಸೆಫ್ ಮೇಯರ್ ಕೊಂಡು, 1867ರಲ್ಲಿ ತನ್ನ ಊರಿಗೆ ಕೊಟ್ಟ. ಕೆಂಟಿನ ಒಡವೆ ಲಿವರ್‌ಪೂಲಿನಲ್ಲಿರುವುದು ಹೀಗೆ. ಒಂದು ಕಸುಬಿನವನಿಗೆ ಇನ್ನೊಬ್ಬ ಕಸುಬಿನವನ ಬೆಲೆ ಗೊತ್ತಾಗಿತ್ತು.

ಆರನೇ ದಿನ: ಸ್ಟೋಕ್, ಸಂಜೆಗೆ ಲಂಡನ್

ಬೆಳಿಗ್ಗೆ ಕ್ರೂ ಮೂಲಕ ಸ್ಟೋಕ್, ಅಲ್ಲಿಂದ ಹ್ಯಾನ್ಲಿಯ ಪಾಟರೀಸ್ ಮ್ಯೂಸಿಯಂ. 2009ರಲ್ಲಿ ಸ್ಟಾಫರ್ಡ್‌ಶೈರಿನ ಹೊಲವೊಂದರಲ್ಲಿ ಸಿಕ್ಕ ನಿಧಿಯ ಒಂದು ಪಾಲು ಇಲ್ಲಿ, ಇನ್ನೊಂದು ಬರ್ಮಿಂಗ್‌ಹ್ಯಾಮಿನಲ್ಲಿ. ಒಟ್ಟು ಸುಮಾರು 4,600 ತುಣುಕು, 4 ಕಿಲೋ ಚಿನ್ನ. ಇಷ್ಟರಲ್ಲಿ ಹೆಂಗಸರ ಒಡವೆ ಎಂದು ಹೇಳುವಂಥದ್ದು ಇಲ್ಲವೇ ಇಲ್ಲ ಎನ್ನಬೇಕು, ಬೆಲ್ಟಿನ ಸಾಮಾನೂ ಅತ್ಯಲ್ಪ. ಬಹುಪಾಲು ಕತ್ತಿಯ ಹಿಡಿಯಿಂದ ಕಿತ್ತ ಅಲಂಕಾರ. ಒಂದು ಗಂಟೆ ಸಾಕು. ಆದರೆ ಕಿತ್ತ ತುಣುಕುಗಳಾದ್ದರಿಂದ ಗೂಡಿನ ಅಡ್ಡಛೇದ, ಅಚ್ಚೊತ್ತಿದ ತಗಡು, ಮಣಿಮಣಿಯಾದ ಚಿನ್ನದ ತಂತಿ ಎಲ್ಲ ಬಿಚ್ಚಿಟ್ಟ ಗಡಿಯಾರದಂತೆ ಕಾಣುತ್ತವೆ. ಮೊದಲ ದಿನ ಹೊರಗಿಂದ ಊಹಿಸಿದ್ದನ್ನು ಇಲ್ಲಿ ಒಳಗಿಂದ ನೋಡಬಹುದು.

ಸ್ಟೋಕ್‌ನಿಂದ ಯೂಸ್ಟನ್‌ಗೆ ಒಂದೂವರೆ ಗಂಟೆ ಚಿಲ್ಲರೆ, ಅಲ್ಲಿಂದ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕಾಲ್ನಡಿಗೆ. ಶುಕ್ರವಾರ ರಾತ್ರಿ ಎಂಟೂವರೆವರೆಗೆ ತೆರೆದಿರುತ್ತದೆ. ಭಾನುವಾರ ಹೊರಡಬೇಕೆಂದದ್ದು ಈ ಸಂಜೆಗಾಗಿ. 41ನೇ ಕೋಣೆ ಆ ಹೊತ್ತಿಗೆ ತೆರೆದಿರುತ್ತದೆಯೇ ಎಂದು ಮಾತ್ರ ಮೊದಲೇ ಖಚಿತಪಡಿಸಿಕೊಳ್ಳಿ.

ಟ್ರೆವಿಡಲ್ ನಿಧಿಯಿಂದ ಶುರುಮಾಡಿದರೆ ಒಳ್ಳೆಯದು. 1774ರಲ್ಲಿ ಕಾರ್ನ್‌ವಾಲಿನಲ್ಲಿ ಸಿಕ್ಕ ಇದರಿಂದಲೇ ಆ ಪುಟ್ಟ ಕುಪ್ಪಳಿಸುವ ಪ್ರಾಣಿಗಳ ಶೈಲಿಗೆ ಹೆಸರು. ನಾರ್ವಿಚ್‌ನಲ್ಲಿ ನೋಡಿದ ಪಟ್ಟಿತುದಿಗಳ ನೆಂಟರು ಇಲ್ಲಿ ಬೆಳ್ಳಿಯಲ್ಲಿದ್ದಾರೆ. ಆಮೇಲೆ ನಾರ್ಫೋಕಿನ ಪೆಂಟ್ನಿ ಚರ್ಚಿನ ಅಂಗಳದಲ್ಲಿ 1977ರಲ್ಲಿ ಗುಂಡಿ ತೋಡುವಾಗ ಸಿಕ್ಕ ಆರು ಬೆಳ್ಳಿ ಬ್ರೂಚು. ತಗಡಿನಲ್ಲಿ ಹಿನ್ನೆಲೆಯನ್ನೆಲ್ಲ ಕತ್ತರಿಸಿ ತೆಗೆದು ಪ್ರಾಣಿ, ಬಳ್ಳಿ ಮಾತ್ರ ಉಳಿಸಿದ ಜಾಲಂಧ್ರದ ಕೆಲಸ. ತೊಟ್ಟಾಗ ಕಿಂಡಿಗಳಲ್ಲಿ ಬಟ್ಟೆಯ ಬಣ್ಣವೇ ಹಿನ್ನೆಲೆ.

ಕೊನೆಗೆ ಫುಲರ್ ಬ್ರೂಚು. ಒಂಬತ್ತನೇ ಶತಮಾನದ ಕೊನೆಯ ಭಾಗದ್ದು, ಬೆಳ್ಳಿ ತಗಡು, 11.4 ಸೆಂ.ಮೀ. ಅಗಲ. ಮೇಲೆ ಪಂಚೇಂದ್ರಿಯಗಳು ಮನುಷ್ಯರೂಪದಲ್ಲಿವೆ. ನಡುವೆ ನೋಟ: ಎರಡು ಕೈಯಲ್ಲೂ ಗಿಡ ಹಿಡಿದು, ದೊಡ್ಡ ಕಣ್ಣು ಬಿಟ್ಟು ನೇರ ನಮ್ಮನ್ನೇ ನೋಡುವ ಮನುಷ್ಯ. ಸುತ್ತ ನಾಲ್ವರು. ರುಚಿ ಬಾಯಿಗೆ ಕೈ ಇಟ್ಟಿದ್ದಾನೆ, ವಾಸನೆ ಕೈ ಹಿಂದೆ ಕಟ್ಟಿ ಗಿಡಗಳ ನಡುವೆ ನಿಂತಿದ್ದಾನೆ, ಸ್ಪರ್ಶ ಅಂಗೈ ಉಜ್ಜುತ್ತಿದ್ದಾನೆ, ಶ್ರವಣ ಕಿವಿಗೆ ಕೈ ಹಿಡಿದಿದ್ದಾನೆ. ಅಂಚಿನಲ್ಲಿ ಹದಿನಾರು ಪುಟ್ಟ ವೃತ್ತಗಳಲ್ಲಿ ಮನುಷ್ಯ, ಹಕ್ಕಿ, ಮೃಗ, ಸಸ್ಯ. ಹೊಸದರಂತೆ ಉಳಿದಿದ್ದರಿಂದಲೇ ಇದು ನಕಲಿ ಎಂಬ ಅನುಮಾನ ಒಮ್ಮೆ ಗಟ್ಟಿಯಾಗಿತ್ತು. ಕಪ್ಪು ನಿಯೆಲ್ಲೊವಿನ ಪರೀಕ್ಷೆ ಅದನ್ನು ತಳ್ಳಿಹಾಕಿತು: ಬರಿಯ ಬೆಳ್ಳಿ ಸಲ್ಫೈಡಿನ ಹಳೆಯ ಬಗೆ, ಆಮೇಲಿನ ಕಾಲದವರು ಬಳಸಿದ ತಾಮ್ರ, ಸೀಸ ಬೆರೆತ ಸುಲಭ ಬಗೆಯಲ್ಲ. ಕ್ಯಾಪ್ಟನ್ ಫುಲರ್ 1952ರಲ್ಲಿ ಇದನ್ನು ಮ್ಯೂಸಿಯಮ್ಮಿಗೆ ಕೊಟ್ಟರು.

ಫೋನಿನಲ್ಲಿ ಇದರ ಬೆನ್ನು ತೆರೆದು ನೋಡಿ. ಪಿನ್ನಿಲ್ಲ, ಪಿನ್ನಿನ ಕಿವಿಯಿಲ್ಲ, ಮೊನೆ ಕೂರುವ ಮಡಿಕೆಯಿಲ್ಲ. ಎಲ್ಲವನ್ನೂ ಯಾರೋ ತೆಗೆದುಹಾಕಿ, ಮೇಲಂಚಿನಲ್ಲಿ ತೂಗುಹಾಕಲು ತೂತು ಕೊರೆದಿದ್ದಾರೆ. ಗಾಜಿನ ಬಳಿ ಬಾಗಿದರೆ ಆ ತೂತು ಮುಂಭಾಗದಿಂದಲೂ ಕಾಣುತ್ತದೆ, ನೋಟದ ತಲೆಯ ನೇರ ಮೇಲೆ, ಅಂಚಿನ ವೃತ್ತಗಳ ಸಾಲಿನಲ್ಲಿ.